ಎಸ್.ಪಿ. ರಸ್ತೆಯ ಮಾಳಿಗೆಯಲ್ಲಿ ಎರಡು ಹಳೆಯ ಕಂಪ್ಯೂಟರ್

ಬೆಂಗಳೂರಿನ ಪುರಭವನದ ಕಡೆಯಿಂದ ಸದರ್ ಪತ್ರಪ್ಪ ರಸ್ತೆಗೆ ಹೊಕ್ಕರೆ ಮೊದಲು ಕಣ್ಣಿಗೆ ಬೀಳುವುದು ರಟ್ಟಿನ ಪೆಟ್ಟಿಗೆಗಳ ರಾಶಿ. ತಲೆ ಮೇಲೆ ಮಾನಿಟರ್ ಹೊತ್ತು ಓಡುವವರು, ಸ್ಕೂಟರಿನಲ್ಲಿ ಕಾಲಿಡುವ ಜಾಗಕ್ಕೆ ಕೀಬೋರ್ಡ್ ಪೆಟ್ಟಿಗೆಗಳನ್ನು ತುರುಕಿಕೊಂಡು ಜನರ ನಡುವೆ ನುಸುಳುವವರು, ಅಂಗಡಿ ಬಾಗಿಲಲ್ಲೇ ನಿಂತು ‘ಏನ್ ಬೇಕು ಸಾರ್, ಸಿಸಿಟಿವಿನಾ, ಲ್ಯಾಪ್‌ಟಾಪಾ?’ ಎಂದು ಕರೆಯುವ ಹುಡುಗರು. ಪುಸ್ತಕಗಳಿಗೆ ಹೆಸರಾದ ಅವೆನ್ಯೂ ರಸ್ತೆ, ವಾಹನಗಳ ಬಿಡಿಭಾಗಕ್ಕೆ ಹೆಸರಾದ ಜೆ.ಸಿ. ರಸ್ತೆ ಎರಡೂ ಹತ್ತಿರದಲ್ಲೇ ಇವೆ. ಇವುಗಳ ನೆರೆಯಲ್ಲಿ ಎಲೆಕ್ಟ್ರಾನಿಕ್ಸ್‌ಗೆಂದೇ ಬೆಳೆದ ಪೇಟೆ ಇದು. ಊರಿನ ಬಾಯಲ್ಲಿ ಬರೀ ಎಸ್.ಪಿ. ರೋಡ್.

ಕೆಳಗಿನ ಅಂಗಡಿಗಳಲ್ಲಿ ಗಾಜಿನ ಹಿಂದೆ ಇರುವುದೆಲ್ಲ ಹೊಸ ಮಾಲು. ಹಳೆಯದು ಬೇಕಿದ್ದವರು ಮೆಟ್ಟಿಲು ಹತ್ತಬೇಕು. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಿಕೊಳ್ಳಲೇಬೇಕಾದಷ್ಟು ಇಕ್ಕಟ್ಟಾದ ಮೆಟ್ಟಿಲು. ಮೇಲೆ ಹೋದರೆ ರಿಪೇರಿಯವರು, ಸೆಕೆಂಡ್ ಹ್ಯಾಂಡ್ ಬೋರ್ಡಿನವರು, ಬಯೋಸ್ ಚಿಪ್ ಬರೆದುಕೊಡುವವರು. ಹಳೆಯ ಕಂಪ್ಯೂಟರ್ ಕುಸಿದಾಗ ಅದರ ಕಾರಣವನ್ನು ಹುಡುಕಿ ತೆಗೆಯುವ ಜಾಣ್ಮೆ ಇನ್ನೂ ಉಳಿದಿರುವುದು ಈ ಮಾಳಿಗೆಗಳಲ್ಲಿ. ನಾನು ನೋಡಲು ಬಂದದ್ದೂ ಅದನ್ನೇ.

ಆ ದಿನ ಬೆಂಚಿನ ಮೇಲೆ ಎರಡು ಅಸೆಂಬಲ್ಡ್ ಕಂಪ್ಯೂಟರ್‌ಗಳಿದ್ದವು. ಹಾಸನ ಕಡೆಯ ತಾಲ್ಲೂಕು ಕೇಂದ್ರವೊಂದರ ಮುದ್ರಣಾಲಯದವು. 2007ರಲ್ಲಿ ಒಂದೇ ದಿನ, ಒಂದೇ ಬಿಲ್ಲಿನಲ್ಲಿ ಕೊಂಡವು: ಒಂದೇ ಕ್ಯಾಬಿನೆಟ್, ಒಂದೇ ಹೆಸರಿನ ಬೋರ್ಡ್, ಕೋರ್ 2 ಡುಯೊ ಪ್ರೊಸೆಸರ್. ಒಂದು ಇವತ್ತಿಗೂ ಚೆನ್ನಾಗಿ ಓಡುತ್ತಿದೆ. ಇನ್ನೊಂದರಲ್ಲಿ ವಿಂಡೋಸ್ ಎಕ್ಸ್‌ಪಿಯ ಲಾಂಛನ ಬಂದು, ಅದರ ಕೆಳಗಿನ ನೀಲಿ ಪಟ್ಟಿ ಒಂದೆರಡು ಸುತ್ತು ಓಡಿ, ಫಕ್ಕನೆ ಪರದೆ ಕಪ್ಪಾಗಿ ಮತ್ತೆ ಮೊದಲಿನಿಂದ ಶುರು.

‘ಹೊಸದು ತಗೊಳ್ಳಿ’ ಎಂದು ಹೇಳುವುದು ಸುಲಭ. ಮುದ್ರಣಾಲಯದ ಯಜಮಾನರಿಗೆ ಅದು ಸುಲಭವಲ್ಲ. ಅವರ ಕೆಲಸವೆಲ್ಲ 2001ರ ಪೇಜ್‌ಮೇಕರ್ 7ರಲ್ಲಿದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ, ಊರಿನ ಕವಿಗಳ ಪುಸ್ತಕ ಎಲ್ಲವೂ ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಕೂತಿವೆ. ಅಕ್ಷರ ತಂತ್ರಾಂಶದ ಹಾರ್ಡ್‌ವೇರ್ ಲಾಕ್ ಚುಚ್ಚುವುದು ಹಿಂಬದಿಯ ಪ್ಯಾರಲಲ್ ಪೋರ್ಟಿಗೆ. ಈಗಿನ ಬಹುಪಾಲು ಕಂಪ್ಯೂಟರುಗಳಲ್ಲಿ ಆ ಪೋರ್ಟೇ ಇಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ಕ್ಕೆ. ಅದಾದ ಮೇಲೆ ಬಂದ ಬೋರ್ಡುಗಳಲ್ಲಿ ಅದನ್ನು ಓಡಿಸುವುದು ದಿನೇದಿನೇ ಕಷ್ಟವಾಗಿದೆ. ಕರ್ನಾಟಕದ ಸಣ್ಣ ಊರುಗಳ ಎಷ್ಟೋ ಅಚ್ಚುಕೂಟಗಳ ಸ್ಥಿತಿ ಇದೇ. ಆ ಪೆಟ್ಟಿಗೆ ಸತ್ತರೆ ಅದರ ಜೊತೆ ಒಂದೂರಿನ ಎರಡು ದಶಕದ ಕನ್ನಡ ಬರಹ ತೆರೆಯಲಾಗದ ಕಡತವಾಗುತ್ತದೆ. ಹಾಗಾಗಿ ಈ ರಿಪೇರಿಯನ್ನು ನಾನು ಸಣ್ಣ ಕೆಲಸ ಎನ್ನಲಾರೆ.

ಯಜಮಾನರು ಮಾಡಿದ ಒಳ್ಳೆಯ ಕೆಲಸವೆಂದರೆ ಕೆಟ್ಟದ್ದರ ಜೊತೆಗೆ ಸರಿಯಿರುವುದನ್ನೂ ಬಸ್ಸಿನಲ್ಲಿ ಹೊತ್ತು ತಂದದ್ದು. ಅದನ್ನು ಕಂಡ ಕೂಡಲೇ ರಿಪೇರಿ ಮಾಡುವವರ ಮುಖ ಅರಳಿತು. ‘ಯಜಮಾನ್ರೆ, ಅರ್ಧ ಕೆಲಸ ನೀವೇ ಮಾಡ್ಕೊಂಡ್ ಬಂದಿದ್ದೀರ’ ಅಂದರು.

ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ. ಬೆಂಚಿನ ಮೇಲೆ ರಬ್ಬರ್ ಹಾಸು, ಎರಡು ಮಾನಿಟರ್, ದುಂಡನೆಯ ಪಿನ್ನಿನ ಹಳೆಯ ಕೀಬೋರ್ಡುಗಳು, ಬೆಸುಗೆಯ ಕಡ್ಡಿ, ಒಂದು ಮಲ್ಟಿಮೀಟರ್. ಗೋಡೆಗೆ ಒತ್ತಿ ಇಟ್ಟಿದ್ದ ಒಂದು ಪ್ಲಾಸ್ಟಿಕ್ ಡಬ್ಬಿ ನನ್ನ ಗಮನ ಸೆಳೆಯಿತು. ಅದರ ಮೇಲೆ ಮಾರ್ಕರ್‌ನಲ್ಲಿ ‘ಗುಡ್’ ಎಂದು ಬರೆದಿತ್ತು. ಒಳಗೆ ಡಿಡಿಆರ್1, 2, 3 ರ‍್ಯಾಮ್‌ಗಳು ಒಂದೊಂದು ಜೊತೆ, ಒಂದು ಎಸ್‌ಎಂಪಿಎಸ್ (ಒಳಗಿನ ಬಿಡಿಭಾಗಗಳಿಗೆ ಕರೆಂಟ್ ಹದಮಾಡಿ ಕೊಡುವ ಡಬ್ಬಿ), ಸಾಟಾ ಕೇಬಲ್, ಸಾದಾ ಗ್ರಾಫಿಕ್ಸ್ ಕಾರ್ಡ್, ಬಯೋಸ್ ಸೆಲ್‌ಗಳು. ಈ ಡಬ್ಬಿಯಲ್ಲಿರುವ ಯಾವುದನ್ನೂ ಅವರು ಮಾರುವುದಿಲ್ಲ, ಎರವಲೂ ಕೊಡುವುದಿಲ್ಲ. ‘ಇದು ಸರಿ ಇದೆ ಅಂತ ನಂಗೆ ಗೊತ್ತು. ಆ ಗೊತ್ತಿರೋದೇ ಇದರ ಬೆಲೆ.’

ಮೊದಲ ಪ್ರಶ್ನೆ ಎಲ್ಲರಿಗೂ ಒಂದೇ: ಎಲ್ಲಿವರೆಗೆ ಬರುತ್ತೆ? ಬಟನ್ ಒತ್ತಿದರೆ ಫ್ಯಾನೇ ತಿರುಗದಿದ್ದರೆ ಕರೆಂಟಿನ ದಾರಿ ನೋಡಬೇಕು. ಫ್ಯಾನ್ ತಿರುಗಿ ಪರದೆ ಬರದಿದ್ದರೆ, ಇಲ್ಲಿಯ ಮಾತಿನಲ್ಲಿ ‘ನೋ ಡಿಸ್‌ಪ್ಲೇ’, ಆಗ ರ‍್ಯಾಮ್, ಪ್ರೊಸೆಸರ್, ಬೋರ್ಡ್. ಬಯೋಸ್ ತನ್ನ ಸ್ವಯಂ ಪರೀಕ್ಷೆ ಮುಗಿಸಿ ಒಂದು ಬೀಪ್ ಕೊಟ್ಟು, ಆಮೇಲೆ ಡಿಸ್ಕ್ ಸಿಗದೆ ನಿಂತರೆ ಕೇಬಲ್ ಮತ್ತು ಡಿಸ್ಕ್. ಕಾರ್ಯಾಚರಣೆ ವ್ಯವಸ್ಥೆ ಅರ್ಧ ಎದ್ದು ಕುಸಿದರೆ ಅನುಮಾನದ ಪಟ್ಟಿ ಉದ್ದವಾಗುತ್ತದೆ, ಯಾಕೆಂದರೆ ಅಷ್ಟೊತ್ತಿಗೆ ಎಲ್ಲ ಬಿಡಿಭಾಗಗಳೂ ಕೆಲಸಕ್ಕೆ ಇಳಿದಿರುತ್ತವೆ. ನಮ್ಮ ಕೆಟ್ಟ ಪೆಟ್ಟಿಗೆ ಈ ಕೊನೆಯ ಗುಂಪಿನದು.

ಎರಡನೆಯ ಪ್ರಶ್ನೆ ಇನ್ನೂ ಚೆನ್ನಾಗಿತ್ತು. ‘ಯಾವ ಹೊತ್ತಲ್ಲಿ ಹೀಗಾಗುತ್ತೆ?’ ಯಜಮಾನರು ಹೇಳಿದರು: ಬೆಳಿಗ್ಗೆ ಬಾಗಿಲು ತೆಗೆದಾಗ ನಾಲ್ಕಾರು ಸಲ ತಾನೇ ರೀಸ್ಟಾರ್ಟ್ ಆಗುತ್ತೆ, ಹಾಗೇ ಬಿಟ್ಟರೆ ಆಮೇಲೆ ಎದ್ದು ಸಂಜೆವರೆಗೂ ಏನೂ ತೊಂದರೆ ಕೊಡಲ್ಲ. ಚಳಿಗಾಲದಲ್ಲಿ ಜಾಸ್ತಿ. ರಿಪೇರಿಯವರು ತಲೆಯಾಡಿಸಿದರು, ಏನೂ ಹೇಳಲಿಲ್ಲ. ಬೆಂಚಿನ ಮೇಲಿದ್ದ ರಟ್ಟಿನ ತುಂಡಿನಲ್ಲಿ ‘ಕೋಲ್ಡ್’ ಎಂದು ಬರೆದುಕೊಂಡರು.

ಎಕ್ಸ್‌ಪಿ ಕುಸಿದಾಗ ನೀಲಿ ಪರದೆ ಬರುತ್ತದೆ. ಆದರೆ ಯಂತ್ರ ತಾನಾಗಿ ರೀಸ್ಟಾರ್ಟ್ ಆಗುವಂತೆ ಮೊದಲೇ ಹೊಂದಿಸಿರುವುದರಿಂದ ಅದು ಕಣ್ಣಿಗೆ ಬೀಳುವ ಮೊದಲೇ ಮಾಯ. ಆರಂಭದಲ್ಲೇ ಎಫ್8 ಒತ್ತಿ ಆ ಸ್ವಯಂ ರೀಸ್ಟಾರ್ಟನ್ನು ನಿಲ್ಲಿಸಿದರೆ ಪರದೆ ಅಲ್ಲೇ ನಿಲ್ಲುತ್ತದೆ. ಹಾಗೆ ನಿಲ್ಲಿಸಿ ನೋಡಿದಾಗ ಒಮ್ಮೆ 0ಎಕ್ಸ್0ಎ ಎಂಬ ಸಂಕೇತ, ಮುಂದಿನ ಸಲ 0ಎಕ್ಸ್50, ಅದರ ಮುಂದಿನ ಸಲ 0ಎಕ್ಸ್8ಇ. ಬೇರೆಯವರಿಗೆ ಇದು ಗೊಂದಲ, ಇವರಿಗೆ ಸುಳಿವು. ಪ್ರತಿ ಸಲವೂ ಒಂದೇ ಸಂಕೇತ ಬಂದರೆ ಸಾಮಾನ್ಯವಾಗಿ ಒಂದು ನಿರ್ದಿಷ್ಟ ಡ್ರೈವರ್ ಅಥವಾ ಡಿಸ್ಕಿನ ಕಡೆ ಬೆರಳು ತೋರಿಸುತ್ತದೆ. ಸಲಸಲಕ್ಕೂ ಬದಲಾದರೆ ಕೆಳಗಿನ ನೆಲವೇ ಅಲುಗುತ್ತಿದೆ ಎಂದು ಅರ್ಥ: ರ‍್ಯಾಮ್, ಕರೆಂಟ್, ಬಿಸಿ, ಇವುಗಳಲ್ಲೊಂದು.

ಒಂದೇ ಸಂಕೇತದ ಉದಾಹರಣೆಯೂ ಪಕ್ಕದಲ್ಲೇ ಇತ್ತು. ಇನ್ನೊಬ್ಬರು ಬಿಟ್ಟುಹೋಗಿದ್ದ ಎಕ್ಸ್‌ಪಿ ಕಂಪ್ಯೂಟರು ಪ್ರತಿ ಸಲ 0ಎಕ್ಸ್7ಬಿ ತೋರಿಸುತ್ತಿತ್ತು, ಅಂದರೆ ಬೂಟ್ ಆಗಬೇಕಾದ ಡಿಸ್ಕೇ ಕೈಗೆ ಸಿಗುತ್ತಿಲ್ಲ. ಎರಡು ನಿಮಿಷದ ಕೆಲಸ ಅದು. ಬೋರ್ಡಿನ ಮೇಲಿನ ಸಿಆರ್2032 ಸೆಲ್ 3 ವೋಲ್ಟ್ ಕೊಡಬೇಕಿತ್ತು, ಪೂರ್ತಿ ಇಳಿದುಹೋಗಿತ್ತು. ಸೆಲ್ ಸತ್ತು, ಕರೆಂಟೂ ಹೋದಾಗ ಬಯೋಸ್ ತನ್ನ ಮೂಲ ಸ್ಥಿತಿಗೆ ಮರಳಿ, ಸಾಟಾ ಡಿಸ್ಕನ್ನು ಐಡಿಇ ಬದಲು ಎಎಚ್‌ಸಿಐ ರೀತಿಯಲ್ಲಿ ತೋರಿಸತೊಡಗಿತ್ತು. ಮೂಲ ಎಕ್ಸ್‌ಪಿಯಲ್ಲಿ ಎಎಚ್‌ಸಿಐ ಡ್ರೈವರ್ ಇಲ್ಲ. ಹೊಸ ಸೆಲ್ ಹಾಕಿ, ಬಯೋಸಿನಲ್ಲಿ ಆ ಒಂದು ಸಾಲನ್ನು ವಾಪಸ್ ಐಡಿಇಗೆ ತಂದರು, ಎದ್ದು ಕೂತಿತು. ಇದೇ ತೊಂದರೆಗೆ ಡಿಸ್ಕ್ ಫಾರ್ಮ್ಯಾಟ್ ಹೊಡೆದು ಎಲ್ಲ ಕಡತ ಕಳೆದುಕೊಂಡವರು ಎಷ್ಟೋ ಜನ. ಅದನ್ನು ನೆನೆದರೆ ಸಂಕಟವಾಗುತ್ತದೆ.

ಈಗ ನಮ್ಮ ಎರಡು ಪೆಟ್ಟಿಗೆಗಳು. ಪಕ್ಕದ ಬಾಗಿಲು ಬಿಚ್ಚಿ, ಎರಡನ್ನೂ ಮಲಗಿಸಿ, ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕರೆಂಟ್ ಕೊಟ್ಟರು. ಸರಿಯಿರುವುದಕ್ಕೆ ‘ಎ’, ಕೆಟ್ಟದ್ದಕ್ಕೆ ‘ಬಿ’ ಎಂದು ಮಾಸ್ಕಿಂಗ್ ಟೇಪ್ ಅಂಟಿಸಿದರು. ಆಮೇಲೆ ಬಹಳ ಹೊತ್ತು ಬರೀ ನೋಡಿದರು. ಯಾವುದನ್ನೂ ಮುಟ್ಟದೆ ವ್ಯತ್ಯಾಸಗಳನ್ನು ಮಾತ್ರ ರಟ್ಟಿನ ಮೇಲೆ ಬರೆಯುತ್ತ ಹೋದರು. ಒಂದೇ ಬಿಲ್ಲಿನ ಅವಳಿಗಳಲ್ಲಿ ಇಷ್ಟು ಭೇದ ಇರುತ್ತದೆಂದು ನೋಡದಿದ್ದರೆ ನಾನು ನಂಬುತ್ತಿರಲಿಲ್ಲ.

ಬೋರ್ಡಿನ ಹೆಸರು ಒಂದೇ, ಆದರೆ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಎ ಮೇಲೆ ರಿವಿಷನ್ 2, ಬಿ ಮೇಲೆ ರಿವಿಷನ್ 1. ಎಯಲ್ಲಿ ಪ್ರೊಸೆಸರಿನ ಸುತ್ತ ಗಿಡ್ಡನೆಯ ಲೋಹದ ಘನ ಕೆಪಾಸಿಟರ್‌ಗಳು, ಬಿಯಲ್ಲಿ ಪ್ಲಾಸ್ಟಿಕ್ ತೊಗಲಿನ ಉದ್ದನೆಯ ದ್ರವದ ಕೆಪಾಸಿಟರ್‌ಗಳು. ಬಯೋಸ್ ಆವೃತ್ತಿ ಬಿಯಲ್ಲಿ ಹಳೆಯದು. ಪ್ರೊಸೆಸರಿನ ಹೆಸರೂ ವೇಗವೂ ಒಂದೇ, ಆದರೆ ಬಯೋಸ್ ತೋರಿಸಿದ ಸಿಪಿಯು ಗುರುತು ಒಂದರಲ್ಲಿ 06ಎಫ್6, ಇನ್ನೊಂದರಲ್ಲಿ 06ಎಫ್2. ಅಂದರೆ ಒಂದೇ ಪ್ರೊಸೆಸರಿನ ಎರಡು ಬೇರೆ ತಯಾರಿ. ರ‍್ಯಾಮ್ ಎರಡರಲ್ಲೂ 1 ಜಿಬಿ, ಕಂಪನಿ ಬೇರೆ. ಎಸ್‌ಎಂಪಿಎಸ್ ಮೇಲಿನ ಚೀಟಿ ಒಂದೇ, ತೂಕ ಮಾತ್ರ ಬೇರೆ. ಕೈಯಲ್ಲಿ ಹಿಡಿದರೆ ಬಿಯದು ಹಗುರ.

ಪ್ರೊಸೆಸರಿನ ಇಂಥ ಒಳಭೇದವೇ ಬೂಟ್ ಕೆಡಿಸಿದ ದೊಡ್ಡ ಪ್ರಕರಣವೊಂದು ಕಂಪ್ಯೂಟರ್ ಚರಿತ್ರೆಯಲ್ಲಿದೆ. 1998ರಲ್ಲಿ ಎಎಂಡಿಯ ಕೆ6-2 ಪ್ರೊಸೆಸರ್ ಬಂತು. 350 ಮೆಗಾಹರ್ಟ್ಸ್ ಅಥವಾ ಅದಕ್ಕಿಂತ ವೇಗದ ಕೆ6-2 ಹಾಕಿದ ಯಂತ್ರಗಳಲ್ಲಿ ವಿಂಡೋಸ್ 95 ಏಳುವಾಗ ‘ವಿಂಡೋಸ್ ಪ್ರೊಟೆಕ್ಷನ್ ಎರರ್’ ಎಂದು ನಿಂತುಬಿಡುತ್ತಿತ್ತು, ಅದೂ ಒಮ್ಮೆ ಹೌದು ಒಮ್ಮೆ ಇಲ್ಲ. ಅದೇ ವೇಗದ ಇಂಟೆಲ್ ಪೆಂಟಿಯಂ 2ರಲ್ಲಿ ಅದೇ ವಿಂಡೋಸ್ ನಿರಾಳವಾಗಿ ಏಳುತ್ತಿತ್ತು. ಸಹಜವಾಗಿಯೇ ಎಲ್ಲರ ಬೆರಳೂ ಎಎಂಡಿ ಕಡೆಗೆ. ನಿಜವಾದ ಕಾರಣ ವಿಂಡೋಸಿನೊಳಗಿತ್ತು. ಅಲ್ಲಿಯ ಒಂದು ಡ್ರೈವರ್ ಪ್ರೊಸೆಸರಿನ ವೇಗ ಅಳೆಯಲು ಸುಮ್ಮನೆ ಹತ್ತು ಲಕ್ಷಕ್ಕೂ ಹೆಚ್ಚು ಸಲ ಒಂದು ಸುತ್ತು ಹಾಕಿ, ಅದಕ್ಕೆ ಹಿಡಿದ ಸಮಯದಿಂದ ಭಾಗಿಸುತ್ತಿತ್ತು. ಆ ಸುತ್ತು ಹಾಕಿಸುವ ‘ಲೂಪ್’ ಎಂಬ ಆದೇಶವನ್ನು ಕೆ6-2 ಒಂದೇ ಗಡಿಯಾರದ ಮಿಡಿತದಲ್ಲಿ ಮುಗಿಸುತ್ತಿತ್ತು. ಪೆಂಟಿಯಂ 2ಕ್ಕೆ ಅದರ ಹಲವು ಪಟ್ಟು ಬೇಕಿತ್ತು. ಅಳತೆಯ ಸಮಯ ಇಳಿದು ಲೆಕ್ಕದಲ್ಲಿ ಸೊನ್ನೆಯಾಗಿ ಬಿಟ್ಟಾಗ ಭಾಗಾಕಾರವೇ ಮುರಿದು ಯಂತ್ರ ನಿಲ್ಲುತ್ತಿತ್ತು. ಮೈಕ್ರೋಸಾಫ್ಟ್ ತಿದ್ದುಪಡಿ ಹೊರತಂದಿತು. ಮುಂದೆ 2.1 ಗಿಗಾಹರ್ಟ್ಸ್ ದಾಟಿದ ಪ್ರೊಸೆಸರ್‌ಗಳಲ್ಲಿ ವಿಂಡೋಸ್ 98 ಕೂಡ ಇದೇ ಬಗೆಯ ಲೆಕ್ಕದಲ್ಲಿ ಬಿತ್ತು. ಪೆಟ್ಟಿಗೆ ಬದಲಿಸಿದರೆ ಸರಿಹೋಯಿತು ಎಂದ ಮಾತ್ರಕ್ಕೆ ತಪ್ಪು ಪೆಟ್ಟಿಗೆಯದೇ ಎಂದು ತೀರ್ಮಾನಿಸಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಹಳೆಯ ಬಯೋಸನ್ನು ಹೊಸದಾಗಿ ಬರೆದು ನೋಡಬಹುದಲ್ಲ ಎಂದು ಕೇಳಿದೆ. ಅವರು ಕೈ ಅಡ್ಡ ಮಾಡಿದರು. ‘ಕರೆಂಟೇ ಸರಿ ಇದೆಯೋ ಇಲ್ವೋ ಗೊತ್ತಿಲ್ಲ ಸಾರ್. ಬರೀತಾ ಇರೋವಾಗ ಮಧ್ಯದಲ್ಲಿ ರೀಸ್ಟಾರ್ಟ್ ಆದ್ರೆ ಬೋರ್ಡ್ ಡೆಡ್. ವಾಪಸ್ ಹಾಕೋಕೆ ಆಗೋಂಥದ್ದು ಮೊದಲು, ಆಗದೇ ಇರೋದು ಕೊನೆಗೆ.’ ಪ್ರೊಸೆಸರ್ ಅದಲುಬದಲು ಮಾಡುವುದನ್ನೂ ಅದೇ ಕಾರಣಕ್ಕೆ ಹಿಂದಕ್ಕೆ ತಳ್ಳಿದರು. ಆ ಕಾಲದ ಸಾಕೆಟ್ಟಿನಲ್ಲಿ 775 ಸೂಜಿಯಂಥ ತಂತಿಗಳಿವೆ, ಒಂದು ಬಾಗಿದರೂ ಹೊಸ ರೋಗ.

ಮೊದಲು ಡಿಸ್ಕ್. ಎಯ ಡಿಸ್ಕ್ ಬಿಗೆ, ಬಿಯದು ಎಗೆ. ಎಯ ಒಳ್ಳೆಯ ಡಿಸ್ಕ್ ಬಿಯಲ್ಲೂ ಕುಸಿಯಿತು. ಬಿಯ ಡಿಸ್ಕ್ ಎಯಲ್ಲಿ ಚೆನ್ನಾಗಿ ಎದ್ದಿತು. ಎಕ್ಸ್‌ಪಿ, ವೈರಸ್, ಡ್ರೈವರ್, ಕೆಟ್ಟ ಕಡತ ಎಲ್ಲವೂ ಈ ಒಂದೇ ಅದಲುಬದಲಿನಲ್ಲಿ ಪಟ್ಟಿಯಿಂದ ಹೊರಗೆ. ಒಂದೇ ಮಾದರಿಯ ಬೋರ್ಡ್ ಆದ್ದರಿಂದಲೇ ಇದು ಸಾಧ್ಯವಾಯಿತು. ಬೇರೆ ಬೇರೆ ಚಿಪ್‌ಸೆಟ್‌ಗಳ ನಡುವೆ ಎಕ್ಸ್‌ಪಿ ಡಿಸ್ಕ್ ಬದಲಿಸಿದರೆ ಅದೇ ಹೊಸ ನೀಲಿ ಪರದೆ ತರುತ್ತದೆ.

ರ‍್ಯಾಮ್‌ಗೆ ಬಂದಾಗ ಅವರು ಮಾಡಿದ್ದನ್ನು ನಾನು ಬೇರೆಲ್ಲೂ ನೋಡಿರಲಿಲ್ಲ. ಬಿಯ ರ‍್ಯಾಮ್ ಕಿತ್ತು, ತಕ್ಷಣ ಅದನ್ನೇ ಅದೇ ಸ್ಲಾಟಿಗೆ ವಾಪಸ್ ಹಾಕಿ ಬೂಟ್ ಮಾಡಿದರು. ಯಾಕೆಂದರೆ ಕೀಳುವುದು, ಹಾಕುವುದು ಇವೇ ಒಂದು ರಿಪೇರಿ. ಚಿನ್ನದ ಲೇಪದ ಕಾಲುಗಳ ಮೇಲೆ ಕೂತ ಕೊಳೆ ಉಜ್ಜಿಹೋಗಿ ಸಂಪರ್ಕ ಸರಿಯಾಗಬಹುದು. ನೇರವಾಗಿ ಬೇರೆ ರ‍್ಯಾಮ್ ಹಾಕಿ ಯಂತ್ರ ಎದ್ದರೆ ಹಳೆಯ ರ‍್ಯಾಮ್ ಕೆಟ್ಟಿದೆ ಎಂದು ಗಿರಾಕಿಗೆ ಬಿಲ್ ಆಗುತ್ತದೆ, ಕೆಟ್ಟಿದ್ದು ಬರೀ ಲೂಸ್ ಕಾಂಟ್ಯಾಕ್ಟ್. ಅದನ್ನೇ ವಾಪಸ್ ಹಾಕಿದರೂ ಬಿ ಕುಸಿಯಿತು. ಈಗ ಎಯ ರ‍್ಯಾಮ್ ಹಾಕಿದರು, ಕುಸಿಯಿತು. ಬಿಯ ರ‍್ಯಾಮ್ ಎಯಲ್ಲಿ ತಕರಾರಿಲ್ಲದೆ ನಡೆಯಿತು. ಪ್ರತಿ ಹೆಜ್ಜೆಯ ನಂತರ ಬದಲಿಸಿದ್ದನ್ನು ಮೂಲ ಜಾಗಕ್ಕೆ ಹಾಕಿ, ತೊಂದರೆ ಮೊದಲಿನಂತೆ ಮರಳುತ್ತದೆಯೇ ಎಂದು ನೋಡಿದ ಮೇಲೇ ಮುಂದಿನ ಹೆಜ್ಜೆ.

ಅಷ್ಟರಲ್ಲಿ ಬಿ ಬೆಚ್ಚಗಾಗಿ ಸರಿಯಾಗಿ ಏಳತೊಡಗಿತು. ಬೇರೆಯವರಾದರೆ ‘ಸರಿಹೋಯ್ತು’ ಎಂದು ಕೊಟ್ಟು ಕಳಿಸುವ ಗಳಿಗೆ ಅದು. ಇವರು ಎರಡರ ಪ್ಲಗ್ಗನ್ನೂ ಕಿತ್ತು, ಫ್ಯಾನ್ ಮುಂದಿಟ್ಟು, ‘ತಣ್ಣಗಾಗ್ಲಿ, ಕಾಫಿ ಕುಡ್ಕೊಂಡ್ ಬನ್ನಿ’ ಎಂದರು.

ಆ ಬಿಡುವಿನಲ್ಲಿ ಪಕ್ಕದ ಓಣಿಯ ಹಳೆಯ ರ‍್ಯಾಮ್ ಅಂಗಡಿಗೆ ಹೋದೆ. ಟ್ರೇಗಳಲ್ಲಿ ಸಾಲಾಗಿ ನಿಲ್ಲಿಸಿದ ಹಸಿರು ಪಟ್ಟಿಗಳು. ಇಲ್ಲಿ ಕೊಳ್ಳುವವರು ತಿಳಿದಿರಬೇಕಾದ ಒಂದು ಸಂಗತಿ ಇದೆ. ಡಿಡಿಆರ್2ರಲ್ಲಿ 4 ಜಿಬಿಯ ಅಗ್ಗದ ಪಟ್ಟಿಗಳು ಸಿಗುತ್ತವೆ. ಅವುಗಳಲ್ಲಿ ಹಲವು ಎಎಂಡಿ ಬೋರ್ಡಿನಲ್ಲಿ ಮಾತ್ರ ನಡೆಯುತ್ತವೆ. ಚಿಪ್ಪಿನೊಳಗೆ ನೆನಪಿನ ಕೋಶಗಳ ಸಾಲು-ಕಂಬಗಳ ಜೋಡಣೆ ಬೇರೆ ರೀತಿಯದು, ಅದನ್ನು ಆ ಕಾಲದ ಇಂಟೆಲ್ ಚಿಪ್‌ಸೆಟ್ ಓದಲಾರದು. ಆಕಾರ ಒಂದೇ, ಕಚ್ಚು ಒಂದೇ, ಇಂಟೆಲ್ ಬೋರ್ಡಿಗೆ ಹಾಕಿದರೆ ನೋ ಡಿಸ್‌ಪ್ಲೇ. ರ‍್ಯಾಮ್ ಕೆಟ್ಟಿಲ್ಲ, ಬೋರ್ಡೂ ಕೆಟ್ಟಿಲ್ಲ, ಜೋಡಿ ಹೊಂದಿಲ್ಲ. ಅಂಗಡಿಯವರು ಪ್ರಾಮಾಣಿಕರು, ಬೋರ್ಡ್ ಯಾವುದೆಂದು ಕೇಳಿಯೇ ಟ್ರೇ ಎಳೆಯುತ್ತಿದ್ದರು.

ಅಲ್ಲೇ ಒಬ್ಬ ಕಾಲೇಜು ಹುಡುಗ ಇನ್ನೊಂದು ಬಗೆಯ ಗೊಂದಲ ಹೊತ್ತು ನಿಂತಿದ್ದ. ಮನೆಯಲ್ಲಿ ಎರಡು ಹಳೆಯ ಕಂಪ್ಯೂಟರ್, ಎರಡಕ್ಕೂ ಒಂದೇ ಪೆನ್‌ಡ್ರೈವಿನಿಂದ ವಿಂಡೋಸ್ 11ರ 24ಎಚ್2 ಹಾಕಲು ನೋಡಿದ್ದಾನೆ. ಮೊದಲ ತಲೆಮಾರಿನ ಕೋರ್ ಐ5 ಇರುವುದು ಎದ್ದಿದೆ, ಕೋರ್ 2 ಡುಯೊ ಇರುವುದು ರೀಸ್ಟಾರ್ಟ್ ಆಗುತ್ತಲೇ ಇದೆ. ಅವನ ಪೆನ್‌ಡ್ರೈವಿನಲ್ಲೂ ರ‍್ಯಾಮಿನಲ್ಲೂ ದೋಷವಿಲ್ಲ. 2024ರ ಆ ಆವೃತ್ತಿಗೆ ಪ್ರೊಸೆಸರಿನಲ್ಲಿ ಎಸ್‌ಎಸ್‌ಇ4.2 ಮತ್ತು ‘ಪಾಪ್‌ಕೌಂಟ್’ ಎಂಬ ಆದೇಶ ಇರಲೇಬೇಕು. 2008ರಲ್ಲಿ ಬಂದ ಕೋರ್ ಐ ಸರಣಿಯಿಂದ ಇಂಟೆಲ್‌ನಲ್ಲಿ ಅದು ಇದೆ. ಕೋರ್ 2ರಲ್ಲಿ ಇಲ್ಲ. ಇಲ್ಲದ ಆದೇಶ ಎದುರಾದ ಕೂಡಲೇ ಯಂತ್ರ ಕೈಚೆಲ್ಲುತ್ತದೆ. ಇದಕ್ಕೆ ರಿಪೇರಿ ಇಲ್ಲ, ಬೇರೆ ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಳ್ಳಬೇಕು, ಅಷ್ಟೆ. 64 ಬಿಟ್ಟಿನ ಲಿನಕ್ಸ್ ಆ ಯಂತ್ರದಲ್ಲಿ ಚೆನ್ನಾಗಿ ಓಡುತ್ತದೆ ಎಂದು ತಿಳಿಸಿ ಬಂದೆ.

ವಾಪಸ್ ಬಂದಾಗ ಎಸ್‌ಎಂಪಿಎಸ್ ಪರೀಕ್ಷೆ ನಡೆದಿತ್ತು. ಮಲ್ಟಿಮೀಟರಿನಲ್ಲಿ ಬಿಯ ಎಸ್‌ಎಂಪಿಎಸ್ 12 ವೋಲ್ಟಿನ ತಂತಿಯಲ್ಲಿ 11.7 ತೋರಿಸಿತು. ನಿಯಮದ ಪ್ರಕಾರ ಶೇ 5ರಷ್ಟು ಆಚೀಚೆ ಇರಬಹುದು, 11.4ರವರೆಗೆ ಸರಿ. ಅಂದರೆ ಪಾಸು. ಆದರೆ ಮಲ್ಟಿಮೀಟರ್ ತೋರಿಸುವುದು ಸರಾಸರಿ. ಅದರೊಳಗಿನ ಅಲೆ ಅದಕ್ಕೆ ಕಾಣದು. ಎಟಿಎಕ್ಸ್ ನಿಯಮ 12 ವೋಲ್ಟಿನಲ್ಲಿ 120 ಮಿಲಿವೋಲ್ಟ್, 5 ಮತ್ತು 3.3 ವೋಲ್ಟಿನಲ್ಲಿ 50 ಮಿಲಿವೋಲ್ಟ್ ಅಲೆಯನ್ನು ಮಾತ್ರ ಒಪ್ಪುತ್ತದೆ. ಅದನ್ನು ನೋಡಲು ಆಸಿಲೋಸ್ಕೋಪ್ ಬೇಕು. ಈ ಮಾಳಿಗೆಯಲ್ಲಿ ಅದಿಲ್ಲ. ಇಲ್ಲದ ಉಪಕರಣದ ಕೆಲಸವನ್ನು ಅದಲುಬದಲು ಮಾಡಿಕೊಡುತ್ತದೆ.

ಎಯ ಎಸ್‌ಎಂಪಿಎಸ್ಸನ್ನು ಬಿಗೆ ಹಾಕಿದರು. ತಣ್ಣಗಿದ್ದ ಬಿ ಒಂದೇ ಏಟಿಗೆ ಎದ್ದಿತು. ಯಜಮಾನರು ನಿಟ್ಟುಸಿರು ಬಿಟ್ಟು, ‘ಹಂಗಾದ್ರೆ ಎಸ್‌ಎಂಪಿಎಸ್ಸೇ ಹೋಗಿರೋದು’ ಅಂದರು. ನನಗೂ ಹಾಗೇ ತೋರಿತು. ಆದರೆ ಲೆಕ್ಕ ಪೂರ್ತಿಯಾಗಲು ಇನ್ನೊಂದು ದಿಕ್ಕು ಬಾಕಿ: ಬಿಯ ಎಸ್‌ಎಂಪಿಎಸ್ಸನ್ನು ಎಗೆ ಹಾಕಬೇಕು. ಅದು ಕೆಟ್ಟಿದ್ದರೆ ರೋಗ ಅದರ ಹಿಂದೆಯೇ ಎಗೆ ಹೋಗಬೇಕು. ಹಾಕಿದರು. ಎ ಎಂದಿನಂತೆ ಎದ್ದಿತು. ಮತ್ತೆ ತಣ್ಣಗೆ ಮಾಡಿ ನೋಡಿದರು, ಆಗಲೂ ಎದ್ದಿತು.

ರಟ್ಟಿನ ಮೇಲೆ ನಾಲ್ಕು ಚೌಕದ ಕೋಷ್ಟಕ ಎಳೆದರು. ಎ ಬೋರ್ಡ್, ಎ ಎಸ್‌ಎಂಪಿಎಸ್: ಸರಿ. ಎ ಬೋರ್ಡ್, ಬಿ ಎಸ್‌ಎಂಪಿಎಸ್: ಸರಿ. ಬಿ ಬೋರ್ಡ್, ಎ ಎಸ್‌ಎಂಪಿಎಸ್: ಸರಿ. ಬಿ ಬೋರ್ಡ್, ಬಿ ಎಸ್‌ಎಂಪಿಎಸ್: ಕುಸಿತ. ಒಂದೊಂದನ್ನೇ ಬದಲಿಸಿ ‘ಸರಿಹೋಯಿತಲ್ಲ’ ಎಂದು ನಿಲ್ಲುವವರಿಗೆ ಈ ನಾಲ್ಕನೆಯ ಚೌಕ ಕಾಣುವುದೇ ಇಲ್ಲ. ಎಸ್‌ಎಂಪಿಎಸ್ ಬದಲಿಸಿದವರು ತಪ್ಪು ಎಸ್‌ಎಂಪಿಎಸ್ಸಿನದು ಎನ್ನುತ್ತಾರೆ, ಬೋರ್ಡ್ ಬದಲಿಸಿದವರು ಬೋರ್ಡಿನದು ಎನ್ನುತ್ತಾರೆ, ಇಬ್ಬರ ಕೈಯಲ್ಲೂ ಯಂತ್ರ ಏಳುತ್ತದೆ. ನಿಜ ಏನೆಂದರೆ ಎರಡೂ ಸೊರಗಿವೆ. ಒಂದು ಗಟ್ಟಿಯಿದ್ದರೆ ಇನ್ನೊಂದರ ಸೊರಗನ್ನು ಅದು ತಾಳಿಕೊಳ್ಳುತ್ತದೆ. ಎರಡು ಸೊರಗು ಒಟ್ಟಾದಾಗ ಮಾತ್ರ ಕುಸಿತ. ಹಳೆಯ ಯಂತ್ರಗಳ ಬಹುಪಾಲು ‘ಅರ್ಥವಾಗದ’ ಕಾಯಿಲೆಗಳು ಇಂಥವೇ ಎಂಬುದು ನನ್ನ ನಂಬಿಕೆ.

ಬಿ ಬೋರ್ಡಿನಲ್ಲಿ ಸೊರಗಿದ್ದೇನು? ಅವರು ಟಾರ್ಚ್ ಹಚ್ಚಿ, ಸ್ಟೀಲಿನ ಅಡಿಪಟ್ಟಿಯನ್ನು ಪ್ರೊಸೆಸರ್ ಪಕ್ಕದ ಕೆಪಾಸಿಟರ್‌ಗಳ ನೆತ್ತಿಯ ಮೇಲೆ ಅಡ್ಡ ಇಟ್ಟರು. ಚಪ್ಪಟೆಯಾಗಿರಬೇಕಾದ ನೆತ್ತಿಗಳ ಪೈಕಿ ಮೂರರ ಮೇಲೆ ಪಟ್ಟಿ ತೂಗಾಡಿತು. ಅಂಚಿನ ಕೆಳಗೆ ಬೆಳಕಿನ ಎಳೆ ಕಂಡಿತು. ಬರಿಗಣ್ಣಿಗೆ ಉಬ್ಬಿದಂತೆ ಅನಿಸುತ್ತಲೇ ಇರಲಿಲ್ಲ. ನೆತ್ತಿಯ ಮೇಲೆ ಅಡ್ಡಗೀರು ಇರುವುದೇ ಒಳಗೆ ಅನಿಲ ತುಂಬಿದರೆ ಅಲ್ಲಿ ಬಿರಿಯಲಿ ಎಂದು.

ಈ ಕೆಪಾಸಿಟರ್‌ಗಳ ಕೆಲಸ ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕಿನದು: ಬೀದಿ ನಲ್ಲಿಯಲ್ಲಿ ನೀರು ಹೇಗೇ ಬಂದರೂ ಕೆಳಗೆ ಒಂದೇ ಹದದಲ್ಲಿ ಬಿಡುವುದು. 65 ವಾಟಿನ ಪ್ರೊಸೆಸರ್ ಸುಮಾರು 1.3 ವೋಲ್ಟಿನಲ್ಲಿ ಓಡಿದರೆ ಅದಕ್ಕೆ 50 ಆಂಪಿಯರ್ ಬೇಕು. ಬೋರ್ಡು 12 ವೋಲ್ಟನ್ನು ಸೆಕೆಂಡಿಗೆ ಲಕ್ಷಾಂತರ ಸಲ ತುಂಡರಿಸಿ ಅದನ್ನು 1.3ಕ್ಕೆ ಇಳಿಸುತ್ತದೆ, ಆ ತುಂಡುಗಳನ್ನು ನಯ ಮಾಡುವುದು ಕೆಪಾಸಿಟರ್. ಬಯೋಸ್ ಹಂತದಲ್ಲಿ ಪ್ರೊಸೆಸರಿಗೆ ಹೆಚ್ಚು ಕೆಲಸವಿಲ್ಲ. ವಿಂಡೋಸ್ ಎದ್ದು ಎರಡೂ ಕೋರ್‌ಗಳನ್ನು ಎಬ್ಬಿಸಿದಾಗ ಬೇಡಿಕೆ ಒಮ್ಮೆಲೇ ಏರುತ್ತದೆ. ಕುಸಿತ ನೀಲಿ ಪಟ್ಟಿಯ ಹೊತ್ತಿಗೇ ಆಗುತ್ತಿದ್ದದ್ದು ಇದಕ್ಕೆ. ದ್ರವದ ಕೆಪಾಸಿಟರ್ ಹಳತಾದಂತೆ ಅದರ ಒಳರೋಧ ಏರುತ್ತದೆ, ತಣ್ಣಗಿದ್ದಾಗ ಇನ್ನೂ ಹೆಚ್ಚು. ಬೆಳಗಿನ ಕಾಯಿಲೆಯ ಗುಟ್ಟೂ ಅದೇ. ರಟ್ಟಿನ ಮೇಲೆ ಅವರು ಮೊದಲೇ ಬರೆದ ‘ಕೋಲ್ಡ್’ ಪದದ ಕೆಳಗೆ ಈಗ ಗೆರೆ ಎಳೆದರು.

ಇದು ಒಂದು ಬೋರ್ಡಿನ ಕತೆಯಲ್ಲ. 1999ರಿಂದ ಸುಮಾರು 2007ರವರೆಗೆ ತಯಾರಾದ ಅಸಂಖ್ಯ ಬೋರ್ಡುಗಳಲ್ಲಿ ಹೀಗೆ ಕೆಪಾಸಿಟರ್ ಉಬ್ಬಿದವು. ನೀರಿನ ಪ್ರಮಾಣ ಹೆಚ್ಚಿದ್ದ ಒಳದ್ರವ ಸರಿಯಾದ ತಡೆರಾಸಾಯನಿಕವಿಲ್ಲದೆ ಅಲ್ಯುಮಿನಿಯಂ ತಿಂದು ಹೈಡ್ರೋಜನ್ ಬಿಡುತ್ತಿತ್ತು. 2005ರಲ್ಲಿ ಡೆಲ್ ಕಂಪನಿ ಇಂಥ ಬೋರ್ಡುಗಳ ಬದಲಾವಣೆಗೆಂದು 30 ಕೋಟಿ ಡಾಲರ್ ಎತ್ತಿಡಬೇಕಾಯಿತು.

ಕೆಪಾಸಿಟರ್ ತರಲು ಮತ್ತೆ ಬೀದಿಗೆ ಇಳಿದೆವು. ಗೋಡೆ ತುಂಬ ಸಣ್ಣ ಸಣ್ಣ ಖಾನೆಗಳ ಬಿಡಿಭಾಗದ ಅಂಗಡಿ. 6.3 ವೋಲ್ಟ್, 1500 ಮೈಕ್ರೋಫ್ಯಾರಡ್ ಎಂದರೆ ಎರಡು ಬಗೆ ಎದುರಿಗೆ ಬರುತ್ತವೆ. ಸಾದಾ, 85 ಡಿಗ್ರಿಯದು ಅಗ್ಗ. ಇನ್ನೊಂದು ಲೋ ಇಎಸ್‌ಆರ್, ಅಂದರೆ ಒಳರೋಧ ಕಡಿಮೆ ಇರುವ, 105 ಡಿಗ್ರಿಯದು. ಬರೆದ ಅಂಕಿ ಒಂದೇ ಆದರೂ ಸಾದಾ ಬಗೆಯದು ಪ್ರೊಸೆಸರಿನ ಪಕ್ಕ ಬಾಳದು. ಇವರು ಎರಡನೆಯದನ್ನೇ ಕೇಳಿ, ಬೆರಳಿನಿಂದ ದಪ್ಪ ಅಳೆದು ತೆಗೆದುಕೊಂಡರು. ದಪ್ಪವಿದ್ದರೆ ಹೀಟ್‌ಸಿಂಕಿಗೆ ತಾಗುತ್ತದೆ. ಉಬ್ಬಿದ್ದು ಮೂರೇ ಆದರೂ ಆ ಸಾಲಿನ ಅಷ್ಟನ್ನೂ ಬದಲಿಸುವುದು ಅವರ ಪದ್ಧತಿ. ಒಂದೇ ವಯಸ್ಸಿನವು, ಉಳಿದವೂ ಹಿಂದೆಯೇ ಹೋಗುತ್ತವೆ.

ಕೀಳುವ ಮೊದಲು ಮೊಬೈಲಿನಲ್ಲಿ ಫೋಟೊ. ಕೆಲವು ಬೋರ್ಡುಗಳಲ್ಲಿ ಬಣ್ಣ ಬಳಿದ ಅರ್ಧ ಮೈನಸ್, ಕೆಲವದರಲ್ಲಿ ಅದೇ ಪ್ಲಸ್. ತಿರುಗಾಮುರುಗಾ ಕೂರಿಸಿದರೆ ಸಿಡಿಯುತ್ತದೆ. ಮೈನಸ್ ಕಾಲು ಬೋರ್ಡಿನೊಳಗಿನ ಅಗಲ ತಾಮ್ರದ ಹಾಳೆಗೆ ಅಂಟಿರುವುದರಿಂದ ಬಿಸಿಯನ್ನೆಲ್ಲ ಅದು ಹೀರಿಕೊಳ್ಳುತ್ತದೆ, ಬೆಸುಗೆ ಕರಗುವುದೇ ಇಲ್ಲ. ಹಳೆಯ ಬೆಸುಗೆಗೆ ಮೊದಲು ಸ್ವಲ್ಪ ಹೊಸ ಸೀಸದ ಬೆಸುಗೆ ಬೆರೆಸಿ, ಒಂದು ಕಾಲು ಕಾಯಿಸಿ ವಾಲಿಸಿ, ಇನ್ನೊಂದು ಕಾಲು ಕಾಯಿಸಿ ಈ ಕಡೆ ವಾಲಿಸಿ, ನಡೆಸಿಕೊಂಡು ಬಂದಂತೆ ಹೊರತೆಗೆದರು. ಬಲ ಹಾಕಿ ಎಳೆದರೆ ರಂಧ್ರದೊಳಗಿನ ತಾಮ್ರದ ಲೇಪ ಕಿತ್ತು ಬರುತ್ತದೆ, ಆಮೇಲೆ ಬೋರ್ಡ್ ಗುಜರಿಗೆ.

ಕೆಲಸ ಮುಗಿದ ಮೇಲೆ ಬಿ ಬೋರ್ಡಿಗೆ ಬಿಯ ಅದೇ ಹಳೆಯ, ಹಗುರ ಎಸ್‌ಎಂಪಿಎಸ್ಸನ್ನೇ ಮೊದಲು ಜೋಡಿಸಿದರು. ಕೆಟ್ಟ ಚೌಕ ಸರಿಯಾಯಿತೇ ಎಂದು ತಿಳಿಯಲು ಅದೇ ಚೌಕವನ್ನು ಪರೀಕ್ಷಿಸಬೇಕಲ್ಲ. ರಾತ್ರಿಯಿಡೀ ಬಿಟ್ಟು ಮರುದಿನ ಬೆಳಿಗ್ಗೆ ಆನ್ ಮಾಡಿದರು, ಎದ್ದಿತು. ಅಲ್ಲಿಗೆ ನಿಲ್ಲಿಸಲಿಲ್ಲ. ಮೂರಕ್ಕೆ ಒಂದು ಸಲ ಕುಸಿಯುವ ಯಂತ್ರ ರಿಪೇರಿಯಿಲ್ಲದೆಯೂ ಸತತ ಐದು ಸಲ ಸುಮ್ಮನೆ ಎದ್ದುಬಿಡುವ ಸಾಧ್ಯತೆ ನೂರಕ್ಕೆ ಹದಿಮೂರು. ಹತ್ತು ಸಲ ಏಳುವ ಸಾಧ್ಯತೆ ನೂರಕ್ಕೆ ಎರಡೂ ಇಲ್ಲ. ಈ ಲೆಕ್ಕ ಅವರು ಮಾಡಿಲ್ಲ, ಆದರೆ ಅನುಭವದಿಂದ ತಲುಪಿದ ಸಂಖ್ಯೆ ಹತ್ತೇ: ತಣ್ಣಗೆ ಮಾಡಿ ಹತ್ತು ಬೂಟ್. ಹತ್ತೂ ಆದವು. ಆಮೇಲೆ ಎಸ್‌ಎಂಪಿಎಸ್ಸನ್ನೂ ಬದಲಿಸಿದರು, ಯಾಕೆಂದರೆ ಅದು ಸೊರಗಿರುವುದು ಗೊತ್ತಿದ್ದೂ ಬಿಟ್ಟುಕೊಡಲು ಅವರಿಗೆ ಮನಸ್ಸಾಗಲಿಲ್ಲ. ಬಯೋಸ್ ತಂಟೆಗೆ ಹೋಗಲಿಲ್ಲ. ಬಾಗಿಲಿನ ಒಳಮೈಗೆ ಒಂದು ಚೀಟಿ ಅಂಟಿಸಿದರು: ರಿವಿಷನ್, ಬಯೋಸ್ ಆವೃತ್ತಿ, ರ‍್ಯಾಮ್, ಡಿಸ್ಕ್ ಐಡಿಇ ರೀತಿ, ಕೆಪಾಸಿಟರ್ ಬದಲಿಸಿದ ತಾರೀಖು. ಎ ಒಳಗೂ ಅಂಥದೇ ಚೀಟಿ. ಎರಡು ಡಿಸ್ಕುಗಳಲ್ಲಿದ್ದ ಮುದ್ರಣಾಲಯದ ಕಡತಗಳನ್ನು ಯಜಮಾನರ ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲು ಮಾಡಿಕೊಟ್ಟರು.

ಎಸ್.ಪಿ. ರಸ್ತೆಗೆ ಹಳೆಯ ಕಂಪ್ಯೂಟರ್ ತರುವವರು ಚಿಕ್ಕಪೇಟೆಯಲ್ಲೋ ಕೆ.ಆರ್. ಮಾರುಕಟ್ಟೆಯಲ್ಲೋ ಮೆಟ್ರೊ ಇಳಿದು ನಡೆದು ಬರಬಹುದು; ಭಾರವಿದ್ದರೆ ಪುರಭವನದವರೆಗೆ ಆಟೊ. ಕೆಟ್ಟ ಯಂತ್ರಕ್ಕೆ ಜೋಡಿ ಇದ್ದರೆ ಜೋಡಿಯನ್ನೂ ತನ್ನಿ. ಬರೀ ಬೋರ್ಡ್ ಬಿಚ್ಚಿ ತರಬೇಡಿ, ಎಸ್‌ಎಂಪಿಎಸ್ ಸಮೇತ ತನ್ನಿ. ನೀಲಿ ಪರದೆಯ ಫೋಟೊ ಒಂದಲ್ಲ, ಬಂದಷ್ಟು ಸಲದ್ದೂ ತೆಗೆದಿಟ್ಟುಕೊಳ್ಳಿ. ಬೆಳಿಗ್ಗೆಯೋ ಸಂಜೆಯೋ ಎಂದು ಪಕ್ಕದಲ್ಲಿ ಬರೆದಿರಿ. ಫಾರ್ಮ್ಯಾಟ್ ಹೊಡೆಯೋಣ ಎಂದು ಯಾರಾದರೂ ಮೊದಲ ಮಾತಿಗೇ ಹೇಳಿದರೆ ಪೆಟ್ಟಿಗೆ ಎತ್ತಿಕೊಂಡು ಮುಂದಿನ ಮೆಟ್ಟಿಲು ಹತ್ತಿ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ.